ಇಂಟರ್ನ್‌ಶಿಪ್ ಎಲ್ಲಿ ಮಾಡಲಿ, ಆಂಟಿ?

ಕಾನೂನು ಓದುವ ನಮ್ಮ ಹುಡುಗ ಹುಡುಗಿಯರ ಕಣ್ಣೆಲ್ಲ ಗುರುಗ್ರಾಮದ ಕಂಪನಿಗಳ ಮೇಲೆ. ತಂತ್ರಜ್ಞಾನದ ಕಾನೂನು ಎಂದರೆ ಕರಾರುಪತ್ರ ತಿದ್ದುವುದು ಎಂದೇ ಅವರ ಎಣಿಕೆ. ಅದೂ ಬೇಕು, ಸಂಬಳವೂ ಚೆನ್ನಾಗಿದೆ. ಆದರೆ ಈ ಕಾನೂನಿನ ದೊಡ್ಡ ತೀರ್ಪುಗಳು ಬಂದದ್ದು ಇಲ್ಲೇ, ತಿಲಕ್ ಮಾರ್ಗದ ಸುಪ್ರೀಂ ಕೋರ್ಟಿನಲ್ಲಿ.

2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅಲ್ಲಿಗೆ ಬಂದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರ ವಯಸ್ಸು 86! ಅದೇ ವರ್ಷ ಐಟಿ ಕಾಯ್ದೆಯ ಸೆಕ್ಷನ್ 66ಎ ವಿರುದ್ಧ ಅರ್ಜಿ ಹಾಕಿದ ದೆಹಲಿಯ ಶ್ರೇಯಾ ಸಿಂಘಲ್‌ಗೆ 21. 2015ರಲ್ಲಿ ಆ ಸೆಕ್ಷನ್ ರದ್ದಾದಾಗ ಆಕೆ ನಿಮ್ಮಂತೆಯೇ ಕಾನೂನು ವಿದ್ಯಾರ್ಥಿನಿ. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು ಆ ದಾರಿಯಲ್ಲೇ. ಅದನ್ನು ಬಲ್ಲ ವಕೀಲರು ಈಗ ಕಂಪನಿಗಳಿಗೂ ಬೇಕು.

ಕಂಪ್ಯೂಟರ್ ಓದಿಲ್ಲವಲ್ಲ ಎನ್ನಬೇಡಿ. ಆ ಹಿರಿಯರು ಹಿಡಿದು ಬಂದದ್ದು ಸಂವಿಧಾನವನ್ನು. ಈ ರಜೆಯಲ್ಲಿ ಒಂದು ತಿಂಗಳಾದರೂ ಸುಪ್ರೀಂ ಕೋರ್ಟಿನ ವಕೀಲರೊಬ್ಬರ ಕೈಕೆಳಗೆ ಕಡತ ಓದಿ, ಅರ್ಜಿ ಬರೆಯುವುದನ್ನು ನೋಡಿ. ಸ್ಟೈಪೆಂಡ್ ಕೇಳಿದರೆ ನಕ್ಕಾರು. ಮೆಟ್ರೊ ಖರ್ಚನ್ನು ಅಮ್ಮನ ಹತ್ತಿರ ಕೇಳಿ.