ಒಂದು ಬೆಟ್ಟ, ಎರಡು ಹೆಸರು

ಉತ್ತರ ಅಮೆರಿಕ ಖಂಡದಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಯಾವುದು? ಮಕ್ಕಳೇ, ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳಿ ನೋಡಿ. ಅಜ್ಜ ತಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದನ್ನು ನೆನಪಿಸಿಕೊಂಡು ‘ಮೌಂಟ್ ಮೆಕಿನ್ಲಿ’ ಎಂದಾರು. ಕಾಲೇಜಿಗೆ ಹೋಗುವ ಅಕ್ಕ ‘ಅಲ್ಲ ತಾತ, ಡೆನಾಲಿ’ ಎಂದಾಳು. ಇಬ್ಬರೂ ಹೇಳುತ್ತಿರುವುದು ಅಲಾಸ್ಕಾದ ಒಂದೇ ಬೆಟ್ಟದ ಮಾತು. ಅದರ ಎತ್ತರ 20,310 ಅಡಿ, ಅಂದರೆ 6,190 ಮೀಟರ್.

ಮೊದಲು ಹಳೆಯ ಹೆಸರು ನೋಡೋಣ. ಬೆಟ್ಟದ ಉತ್ತರ ದಿಕ್ಕಿನಲ್ಲಿ ತಲೆತಲಾಂತರದಿಂದ ಬದುಕಿದ ಕೊಯುಕಾನ್ ಜನರ ಮಾತಿನಲ್ಲಿ ‘ಡೆನಾಲಿ’ ಎಂದರೆ ‘ಎತ್ತರದ್ದು’. ಅಷ್ಟೇ ಅರ್ಥ. ದಕ್ಷಿಣ ದಿಕ್ಕಿನ ಡೆನೈನಾ ಜನ ತಮ್ಮ ಮಾತಿನಲ್ಲಿ ಅದನ್ನು ‘ದೊಡ್ಡ ಬೆಟ್ಟ’ ಎಂದು ಕರೆದರು. ಆಮೇಲೆ ಬಂದ ರಷ್ಯನ್ನರೂ ಅವರ ಭಾಷೆಯಲ್ಲಿ ‘ದೊಡ್ಡ ಬೆಟ್ಟ’ ಎಂದೇ ಕರೆದರು. ಕಣ್ಣೆದುರು ಇದ್ದದ್ದನ್ನು ಕಂಡ ಹಾಗೆ ಹೇಳಿದರು, ನೋಡಿ! 1867ರಲ್ಲಿ ರಷ್ಯಾ ಅಲಾಸ್ಕಾವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು.

ಹಾಗಾದರೆ ಮೆಕಿನ್ಲಿ ಎಲ್ಲಿಂದ ಬಂದರು? ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದ ನನಗೆ ಈ ಭಾಗವೇ ಬಲು ರುಚಿ. ಆಗ ಅಮೆರಿಕದಲ್ಲಿ ಒಂದು ದೊಡ್ಡ ವಾದ ನಡೆದಿತ್ತು. ದೇಶದ ಹಣಕ್ಕೆ ಚಿನ್ನವೊಂದೇ ಆಧಾರವಾಗಿರಲಿ ಎಂದು ಕೆಲವರು, ಬೆಳ್ಳಿಯೂ ಇರಲಿ ಎಂದು ಇನ್ನು ಕೆಲವರು. 1896ರ ಅಧ್ಯಕ್ಷ ಚುನಾವಣೆ ನಡೆದದ್ದೇ ಈ ವಾದದ ಮೇಲೆ. ಓಹಾಯೋ ರಾಜ್ಯದ ವಿಲಿಯಂ ಮೆಕಿನ್ಲಿ ಚಿನ್ನದ ಪಕ್ಷ. ಅದೇ ವರ್ಷ ಅಲಾಸ್ಕಾದಲ್ಲಿ ಚಿನ್ನ ಹುಡುಕುತ್ತಿದ್ದ ವಿಲಿಯಂ ಡಿಕಿ ಎಂಬಾತ ಬೆಟ್ಟಕ್ಕೆ ಮೆಕಿನ್ಲಿ ಹೆಸರಿಟ್ಟ. ಜೊತೆಗೆ ಸಿಕ್ಕ ಬೆಳ್ಳಿ ಪಕ್ಷದವರ ವಾದ ಕೇಳಿ ಕೇಳಿ ಸಾಕಾಗಿ, ಅವರ ಮೇಲಿನ ಸೇಡಿಗೆ ಹಾಗೆ ಮಾಡಿದೆ ಎಂದು ಆಮೇಲೆ ಹೇಳಿದನಂತೆ. 1897ರ ಜನವರಿಯಲ್ಲಿ ಅವನ ಬರಹ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂತು, ಹೆಸರು ನಿಂತುಬಿಟ್ಟಿತು. ಮೆಕಿನ್ಲಿ ಅಧ್ಯಕ್ಷರಾದರು. ಆದರೆ ಅಲಾಸ್ಕಾಕ್ಕೆ ಒಮ್ಮೆಯೂ ಹೋಗಲಿಲ್ಲ. 1901ರಲ್ಲಿ ಒಬ್ಬಾತ ಅವರನ್ನು ಗುಂಡಿಟ್ಟು ಕೊಂದ. ಹಾಗಾಗಿ ಓಹಾಯೋದ ಜನರಿಗೆ ಆ ಬೆಟ್ಟದ ಹೆಸರು ತಮ್ಮ ಊರಿನ ಹಿರಿಯರ ಸ್ಮಾರಕವಾಯಿತು. ಅದೂ ತಪ್ಪಲ್ಲ.

1913ರ ಜೂನ್ 7ರಂದು ನಾಲ್ವರು ಈ ಶಿಖರ ಹತ್ತಿದರು. ತುದಿಯ ಮೇಲೆ ಎಲ್ಲರಿಗಿಂತ ಮೊದಲು ಕಾಲಿಟ್ಟವನು ಇಪ್ಪತ್ತು ವರ್ಷದ ವಾಲ್ಟರ್ ಹಾರ್ಪರ್. ಅವನ ತಾಯಿ ಕೊಯುಕಾನ್ ಹೆಂಗಸು. ಬೆಟ್ಟಕ್ಕೆ ‘ಎತ್ತರದ್ದು’ ಎಂದು ಹೆಸರಿಟ್ಟ ಜನರ ಮಗನೇ ಮೊದಲು ಮೇಲೆ ನಿಂತ! ತಂಡವನ್ನು ಕರೆದೊಯ್ದ ಪಾದ್ರಿ ಹಡ್ಸನ್ ಸ್ಟಕ್, ಹಳೆಯ ಹೆಸರನ್ನೇ ಮರಳಿ ಕೊಡಿ ಎಂದು ತಮ್ಮ ಪುಸ್ತಕದಲ್ಲಿ ಕೇಳಿಕೊಂಡರು.

ಯಾರೂ ಕಿವಿಗೊಡಲಿಲ್ಲ. 1975ರಲ್ಲಿ ಅಲಾಸ್ಕಾ ರಾಜ್ಯವೇ ‘ನಮಗೆ ಡೆನಾಲಿ ಬೇಕು’ ಎಂದು ಕೇಂದ್ರಕ್ಕೆ ಬರೆಯಿತು. ಆಗ ಓಹಾಯೋದ ಸಂಸದ ರಾಲ್ಫ್ ರೆಗುಲಾ ಒಂದು ಉಪಾಯ ಹೂಡಿದರು. ಸಂಸತ್ತಿನಲ್ಲಿ ಒಂದು ಹೆಸರಿನ ಬಗ್ಗೆ ಮಸೂದೆ ಇದ್ದರೆ, ಹೆಸರು ತೀರ್ಮಾನಿಸುವ ಮಂಡಳಿ ಅದನ್ನು ಮುಟ್ಟುವುದಿಲ್ಲ. ಸರಿ, ಅವರು ಮತ್ತೆ ಮತ್ತೆ ಒಂದು ಮಸೂದೆ ಮಂಡಿಸುತ್ತ ಬಂದರು! ಫೈಲು ದಶಕಗಟ್ಟಲೆ ಮೇಜಿನ ಮೇಲೇ ಉಳಿಯಿತು. 1980ರಲ್ಲಿ ಸುತ್ತಲಿನ ರಾಷ್ಟ್ರೀಯ ಉದ್ಯಾನಕ್ಕೆ ಮಾತ್ರ ಡೆನಾಲಿ ಹೆಸರು ಬಂತು. ಬೆಟ್ಟಕ್ಕೆ ಆ ಹೆಸರು ಸಿಕ್ಕಿದ್ದು 2015ರಲ್ಲಿ, ಒಬಾಮ ಅಧ್ಯಕ್ಷರಾಗಿದ್ದಾಗ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿ ಮತ್ತೆ ಮೆಕಿನ್ಲಿ ಮಾಡಿಸಿದರು. ಉದ್ಯಾನ ಮಾತ್ರ ಡೆನಾಲಿಯಾಗಿಯೇ ಉಳಿಯಿತು. ರಸಪ್ರಶ್ನೆಯಲ್ಲಿ ಕೇಳಿದರೆ ಎರಡೂ ಹೆಸರು ಹೇಳಿಬಿಡಿ, ಅಂಕ ಕಳೆದುಕೊಳ್ಳಬೇಡಿ.

ಬ್ಯಾಂಕಿನ ಕೌಂಟರಿನಲ್ಲಿ ನಾನು ಎಷ್ಟೋ ಸಲ ಕಂಡದ್ದುಂಟು. ಪಾಸ್‌ಬುಕ್ಕಿನಲ್ಲಿದ್ದ ‘ವೆಂಕಟಲಕ್ಷ್ಮಮ್ಮ’ ಎಂಬ ಹೆಸರನ್ನು ಮೂರು ಸಲ ಕೂಗಿದರೂ ಅಜ್ಜಿ ಅಲ್ಲಾಡುವುದಿಲ್ಲ. ಪಕ್ಕದವರು ‘ಪುಟ್ಟಕ್ಕಾ’ ಎಂದರೆ ತಟ್ಟನೆ ಎದ್ದು ಬರುತ್ತಾರೆ. ಪಾಸ್‌ಬುಕ್ಕಿನ ಹೆಸರನ್ನು ಒಂದು ಅರ್ಜಿ, ಒಂದು ಮೊಹರಿನಿಂದ ಬದಲಿಸಬಹುದು. ದಿನಾ ಕರೆಯುವವರ ಬಾಯಲ್ಲಿರುವ ಹೆಸರಿಗೆ ಮೊಹರು ಬೇಕಿಲ್ಲ. ನೂರಕ್ಕೂ ಹೆಚ್ಚು ವರ್ಷ ನಕ್ಷೆಗಳಲ್ಲಿ ಮೆಕಿನ್ಲಿ ಎಂದಿದ್ದರೂ ಡೆನಾಲಿ ಸಾಯದೆ ಉಳಿದದ್ದು ಹೀಗೆ: ಅಲ್ಲಿನ ಅಜ್ಜ ಅಜ್ಜಿಯರು ಹೇಳಿದರು, ಮೊಮ್ಮಕ್ಕಳು ಕೇಳಿಸಿಕೊಂಡರು.

ಈ ವಾರದ ಕೆಲಸ ಇದು. ನಿಮ್ಮ ಬೀದಿಗೆ, ಕೆರೆಗೆ, ಹೊಲಕ್ಕೆ, ಗುಡ್ಡಕ್ಕೆ ಹಿಂದೆ ಏನೆನ್ನುತ್ತಿದ್ದರು, ಯಾಕೆ ಎಂದು ಅಜ್ಜಿಯನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಜ್ಜ ಅಜ್ಜಿಯರೇ, ಮಕ್ಕಳು ಬಂದಾಗ ಟಿವಿ ಸ್ವಲ್ಪ ಹೊತ್ತು ಆರಿಸಿಬಿಡಿ. ಆ ಹೆಸರುಗಳಲ್ಲಿ ಎಷ್ಟೋ ಈಗ ಉಳಿದಿರುವುದು ನಿಮ್ಮ ನಾಲಿಗೆಯ ಮೇಲೆ ಮಾತ್ರ.