ಹೊಳೆಗೆ ಉತಾರವಿಲ್ಲ

ಗೋವಾದೊಂದಿಗಿನ ನೀರಿನ ವ್ಯಾಜ್ಯ ಹಿಡಿದು ಮಹದಾಯಿ ನ್ಯಾಯಮಂಡಳಿ ಸುಮಾರು ಎಂಟು ವರ್ಷ ಕೂತು, 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಕಳಸಾ–ಬಂಡೂರಿಯಿಂದ ಮಲಪ್ರಭೆಗೆ 3.9 ಟಿಎಂಸಿ. ಮರುವರ್ಷದ ಆಗಸ್ಟ್‌ನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟೆಯ ಗೇಟು ತೆರೆದಾಗ ಕೆಳಗಿನ ರಾಮದುರ್ಗದ ಓಣಿಗಳಲ್ಲಿ ಹರಿದದ್ದು ಎಷ್ಟು ಟಿಎಂಸಿ ಎಂದು ಯಾರೂ ವಾದ ಹೂಡಲಿಲ್ಲ. ಬರಬೇಕಾದ ನೀರಿಗೆ ವಕೀಲರಿದ್ದಾರೆ. ಬಂದ ನೀರಿಗೆ ಪಂಚನಾಮೆ ಮಾತ್ರ.

ಸವದತ್ತಿ ಬಳಿಯ ಈ ನವಿಲುತೀರ್ಥ ಜಲಾಶಯ 37.73 ಟಿಎಂಸಿಯದು. ಎಷ್ಟೋ ವರ್ಷ ಅದು ತುಂಬುವುದಿಲ್ಲ. ತುಂಬದಿದ್ದರೆ ಕೆಳಗೆ ಹೊಳೆ ಹರಿಯುವುದಿಲ್ಲ. ಹರಿಯದ ಹೊಳೆಯಲ್ಲಿ ಮೊದಲು ಜಾಲಿ, ಆಮೇಲೆ ಒಡ್ಡು, ಕೊನೆಗೆ ಪಂಪ್‌ಸೆಟ್ಟು ಮತ್ತು ಕಬ್ಬು. ಪರಿಸರ ವಿಜ್ಞಾನದ ಮೊದಲ ಪಾಠವೊಂದಿದೆ: ನೆರೆ ಬಯಲೂ ನದಿಯೇ. ಉಕ್ಕಿದ ನೀರು ಅಲ್ಲಿ ಹರಡಿ ವೇಗ ಕಳೆದುಕೊಳ್ಳುತ್ತದೆ, ಮೆಕ್ಕಲು ಬಿಡುತ್ತದೆ, ಬಾವಿಗಳಿಗೆ ಇಂಗುತ್ತದೆ. ಇನ್ನೊಂದು ಪಾಠ ಮನುಷ್ಯರ ಕುರಿತದ್ದು: ಪ್ರತಿ ತಲೆಮಾರೂ ತಾನು ಬಾಲ್ಯದಲ್ಲಿ ಕಂಡ ಹೊಳೆಯನ್ನೇ ಪೂರ್ತಿ ಹೊಳೆ ಎಂದು ನಂಬುತ್ತದೆ. ಅಣೆಕಟ್ಟೆ ಆದ ಮೇಲೆ ಹುಟ್ಟಿದವರು ಕಂಡದ್ದು ಬರಗಾಲದ ಮಲಪ್ರಭೆಯನ್ನು. ಅಗಲವನ್ನೂ ಅದರಿಂದಲೇ ಅಳೆದರು.

2009ರ ಮಹಾಪೂರದ ನಂತರ ಪುನರ್ವಸತಿಯ ‘ಆಸರೆ’ ಮನೆಗಳು ಎದ್ದವು. ದನಕ್ಕೆ ಜಾಗವಿಲ್ಲ, ಹೊಲ ದೂರ ಎಂದು ಹಲವರು ಹಳೆಯ ಊರಲ್ಲೇ ಉಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. 2019ರಲ್ಲಿ ನೀರು ಮತ್ತೆ ಬಂತು. ಪ್ರತಿ ಸಲವೂ ಒತ್ತುವರಿ ತೆರವಿನ ಮಾತು ನೀರಿನೊಂದಿಗೆ ಏರುತ್ತದೆ, ನೀರಿನೊಂದಿಗೆ ಇಳಿಯುತ್ತದೆ. ರೈತನೊಬ್ಬನನ್ನೇ ಬೈದು ಫಲವಿಲ್ಲ. ಹೊಳೆಯೊಳಗಿನ ಪಂಪ್‌ಸೆಟ್ಟಿಗೆ ಕರೆಂಟು ಕೊಡುವುದೂ, ಅದೇ ಬೆಳೆ ಕೊಚ್ಚಿಹೋದಾಗ ಪರಿಹಾರ ಕೊಡುವುದೂ ಒಂದೇ ಸರ್ಕಾರ.

ನೀರು ಎಲ್ಲಿಯವರೆಗೆ ಬಂದಿತ್ತೆಂದು ದಂಡೆಯ ಊರುಗಳಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೇಸಿಗೆಯಲ್ಲಿ ಮೋಜಣಿ ಮಾಡಿ ಆ ಗುರುತಿಗೆ ಬಾಂದುಕಲ್ಲು ನೆಡಲಿ, ಉತಾರದಲ್ಲಿ ನಮೂದಿಸಲಿ. ಆ ಕಲ್ಲುಗಳ ಒಳಭಾಗದಲ್ಲಿ, ನೀರಿಳಿದ ಮೇಲೆ, ರೈತರು ಜೋಳ, ಕಡಲೆ ಬಿತ್ತಲಿ. ಒಡ್ಡು ಬೇಡ, ಹೊಸ ಮನೆ ಬೇಡ. ಇದಕ್ಕೆ ಗೋವಾದ ಒಪ್ಪಿಗೆಯೇನೂ ಬೇಕಿಲ್ಲ.