ನಾನು ಪ್ರತಿವಾದಿ ನಂಬರ್ 4

ಈ ಸಲ ರಜೆಗೆ ನರೇಗಲ್ಲಿಗೆ ಹೋದಾಗ ಅಪ್ಪ ಒಂದು ಹಳೇ ಫೈಲ್ ಮುಂದಿಟ್ಟರು. "ಹದಿನೆಂಟ ಮುಗದಾವು, ಇನ್ನ ವಕಾಲತ್ತಿಗೆ ನೀನ ಸಹಿ ಮಾಡಬೇಕವಾ" ಅಂದರು.

ಅದು ನಮ್ಮ ಹೊಲದ ದಾವೆ. 2016ರಲ್ಲಿ ಅತ್ತಿ ಪಾಲು ಕೇಳಿ ಹಾಕಿದ್ದು. ಅದರಲ್ಲಿ ನಾನು ಪ್ರತಿವಾದಿ ನಂಬರ್ 4, ಅಪ್ರಾಪ್ತ ವಯಸ್ಕಳು, ಪಾಲಕರು ತಂದೆ. ಆಗ ನನಗೆ 9 ವರ್ಷ. ಅತ್ತಿ ಪಂಚಮಿಗೆ ಯಾಕೆ ಬರಲ್ಲ ಅಂತ ಅವ್ವನ ಕೇಳ್ತಿದ್ದೆ. ಉತ್ತರ ಆ ಫೈಲಲ್ಲಿತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದನ್ನ ಓದಿ ಮುಗಿಸೋಕೆ ಎರಡು ದಿನ ಬೇಕಾಯ್ತು.

ನಮ್ಮದು 8 ಎಕರೆ 20 ಗುಂಟೆ ಎರಿ ಹೊಲ. ಅಜ್ಜ ಅದನ್ನ ಅಪ್ಪನಿಗೂ ಕಾಕಾನಿಗೂ ಬಾಯಿಮಾತಲ್ಲೇ ವಾಟ್ನಿ ಮಾಡಿ, ನಡುವೆ ಕಲ್ಲು ನೆಡಿಸಿದ್ದರು. 2003ರಲ್ಲಿ ತೀರಿಕೊಂಡರು. ಉತಾರದಲ್ಲಿ ಗಂಡುಮಕ್ಕಳ ಹೆಸರಷ್ಟೇ ಬಂತು.

ಅಪ್ಪನ ವಾದ ಎರಡು. ಒಂದು, ಉತಾರ ನಮ್ಮ ಹೆಸರಲ್ಲಿದೆ. ಆದರೆ ಉತಾರ ಕಂದಾಯದ ದಾಖಲೆ, ಮಾಲೀಕತ್ವ ತೀರ್ಮಾನ ಮಾಡೋದು ಸಿವಿಲ್ ಕೋರ್ಟ್. ಎರಡು, ವಾಟ್ನಿ ಆಗಿಹೋಗಿದೆ, ಅಜ್ಜನೂ ಇಲ್ಲ. 2005ರ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಕೊಟ್ಟಿತು. ಈ ಹಕ್ಕು ಹುಟ್ಟಿನಿಂದ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಬಾಯಿಮಾತಿನ ವಾಟ್ನಿಯನ್ನ ಸುಲಭಕ್ಕೆ ಒಪ್ಪಬಾರದು ಅಂತಲೂ ಹೇಳಿತು.

ನನಗೆ ತಲೆಗೆ ಹೊಡೆದಂತಾಗಿದ್ದು ಇಲ್ಲಿ. ನಾನು ಈ ದಾವೆಯಲ್ಲಿ ಯಾಕಿದೀನಿ? ಮಗಳಿಗೂ ಹುಟ್ಟಿನಿಂದ ಪಾಲಿದೆ ಅನ್ನೋ ಅದೇ ಕಾನೂನಿನಿಂದ. ನನ್ನ ಪಾಲು ಉಳಿಸ್ತೀನಿ ಅಂತ ಅಪ್ಪ ಅತ್ತಿ ಪಾಲು ಇಲ್ಲ ಅಂತಿದ್ದಾರೆ. ಅತ್ತಿಗೆ ಇಲ್ಲದ ಹಕ್ಕು ನನಗೆ ಹೇಗೆ ಬಂತು?

"ಮದುವ್ಯಾಗ ಬಂಗಾರ ಹಾಕೇವಲ್ಲ" ಅಂತಾರೆ. ಕಾಕಾನ ಮದುವೆಗೂ ಖರ್ಚು ಮಾಡಿದ್ದರು, ಅದನ್ನ ಅವರ ಪಾಲಲ್ಲಿ ಯಾರೂ ಕಳೀಲಿಲ್ಲ. "ಹೊಲ ತುಂಡಾಗತೈತಿ" ಅನ್ನೋ ಮಾತಲ್ಲಿ ಮಾತ್ರ ಸತ್ಯ ಇದೆ. ಮಳೆ ನಂಬಿ ಹೆಸರು, ಕಡಲೆ ಬೆಳೆಯೋ ಹೊಲ ನಮ್ಮದು. 340 ಗುಂಟೆಯನ್ನ ಮೂರು ಪಾಲು ಮಾಡಿದರೆ ಒಬ್ಬೊಬ್ಬರಿಗೆ 2 ಎಕರೆ 33 ಗುಂಟೆ ಚಿಲ್ಲರೆ. ಆದರೆ ಅಣ್ಣ ತಮ್ಮ ಎರಡು ಮಾಡಿದಾಗ ಈ ಚಿಂತೆ ಯಾರಿಗೂ ಬರಲಿಲ್ಲ. ತುಂಡು ಮಾಡೋದು ಬೇಡ ಅಂದ್ರೆ ಅತ್ತಿ ಪಾಲಿನ ಬೆಲೆ ಕೊಡಬಹುದು.

ಹತ್ತು ವರ್ಷ ಆದರೂ ಮುಗಿಯೋದು ದೂರ ಇದೆ. ಮೊದಲು ಪ್ರಾಥಮಿಕ ಡಿಕ್ರಿ, ಅದು ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಹೇಳುತ್ತೆ. ಆಮೇಲೆ ಅಂತಿಮ ಡಿಕ್ರಿಗೆ ಇನ್ನೊಂದು ಸುತ್ತು. ಕಂದಾಯದ ಹೊಲ ಆದ್ದರಿಂದ ಹಂಚೋ ಕೆಲಸ ಜಿಲ್ಲಾಧಿಕಾರಿ ಕಡೆಗೆ ಹೋಗಿ, ಸರ್ವೇದವರು ಬಂದು ಅಳೀಬೇಕು. ನಡುವೆ ಯಾರಾದರೂ ತೀರಿಕೊಂಡರೆ ವಾರಸುದಾರರನ್ನ ಸೇರಿಸಬೇಕು. ಗುಂಟೆ ಅಂದ್ರೆ 33 ಅಡಿ ಗುಣಿಸು 33 ಅಡಿ. ನಮ್ಮ ಸಿವಿಲ್ ಬ್ರಾಂಚಿನವರು ಟೋಟಲ್ ಸ್ಟೇಷನ್ ಹಿಡಿದು ಬಂದರೆ ಒಂದು ದಿನದ ಕೆಲಸ. ಮನೆಯವರು ಒಪ್ಪೋಕೆ ಮಾತ್ರ ಹತ್ತು ವರ್ಷ ಸಾಲಲಿಲ್ಲ.

ಒಪ್ಪಿದರೆ ದಾರಿ ಇದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದೇ ಡಿಕ್ರಿ, ಮೇಲ್ಮನವಿ ಇಲ್ಲ, ಕೋರ್ಟ್ ಫೀ ವಾಪಸ್ ಬರುತ್ತೆ.

ಹೊಲ ಇರೋ ಮನೆಯಿಂದ ಬಂದ ಗೆಳೆಯರೇ, "ಅದೆಲ್ಲ ದೊಡ್ಡೋರ ವಿಷಯ" ಅಂತ ಸುಮ್ಮನಿರಬೇಡಿ. ಮನೆಗೆ ಹೋದಾಗ ಉತಾರ ತೆಗೆಸಿ ನೋಡಿ, ಅದರಲ್ಲಿ ಅತ್ತೆಯರ ಹೆಸರು ಇದೆಯಾ ಕೇಳಿ. ದಾವೆ ಇದ್ದರೆ ನಿಮ್ಮ ಹೆಸರೂ ಇರಬಹುದು.

ಆ ವಕಾಲತ್ತಿಗೆ ನಾನು ಸಹಿ ಮಾಡಿಲ್ಲ. ಅತ್ತಿಗೆ ಪಾಲು ಕೊಡೋಕೆ ನನ್ನ ತಕರಾರಿಲ್ಲ ಅಂತ ಕೋರ್ಟಿಗೆ ನಾನೇ ಹೇಳ್ತೀನಿ ಅಂದೆ. ಅಪ್ಪ ಸಿಟ್ಟಾಗಿದ್ದಾರೆ, ಫೋನಲ್ಲಿ ಅವ್ವ ಮಾತ್ರ ಮಾತಾಡ್ತಾಳೆ. ನಿನ್ನೆ ಮೆಲ್ಲಗೆ ಕೇಳಿದಳು: "ಅತ್ತಿ ನಂಬರ್ ಐತೇನ ನಿನ್ನ ಕಡೆ?"